ಮಂಗಳವಾರದ ಇಂಜೆಕ್ಷನ್

ಬಟ್ಟೆ ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ಗಂಟೆ ನಿಂತು ಅಂಗಿಗಳಿಗೆ ಇಸ್ತ್ರಿ ಹಾಕುವ ಆಕೆಯನ್ನು ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುವುದು. ಒಂದೇ ಕೋಣೆಯ ಮನೆ, ಮೂರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ನಾಲ್ಕನೆಯದಾದರೆ ಕೆಲಸ ಹೋದಂತೆಯೇ. ಹೊಟ್ಟೆ ಕಂಡ ಕೂಡಲೇ ಸೂಪರ್‌ವೈಸರ್ ಮನೆಗೆ ಕಳಿಸುತ್ತಾನೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಬಸಿರು ನಿಲ್ಲದಂತೆ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಿದ್ದಳು. ಗಂಡನನ್ನು ನೆಚ್ಚುವಂತಿರಲಿಲ್ಲ. ಆ ಮಾತೆತ್ತಿದರೆ ಸಾಕು, ಮಹಾರಾಯನಿಗೆ ಎಲ್ಲಿಲ್ಲದ ನಿದ್ದೆ ಬರುತ್ತಿತ್ತು.

ಇಂಜೆಕ್ಷನ್ ಮಂಗಳವಾರ ಮಾತ್ರ, ಹತ್ತರಿಂದ ಹನ್ನೆರಡು. ದುಡಿಯುವ ಹೆಂಗಸರು ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ ಎಂಬುದು ಈ ವೇಳೆ ಗೊತ್ತುಮಾಡಿದ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ಸೂಪರ್‌ವೈಸರನ ಕೈಕಾಲು ಹಿಡಿದರೆ ಎರಡು ವಾರಕ್ಕೊಮ್ಮೆ ಅರ್ಧ ದಿನ ರಜೆ. ಈ ಸಲ ಗಡುವಿಗೆ ಸರಿಯಾಗಿ ಹೋದರೆ ಔಷಧಿ ಖಾಲಿ. ಎರಡನೆಯ ಸಲ ನರ್ಸಮ್ಮ ಮೀಟಿಂಗಿಗೆ ಹೋಗಿದ್ದಳು. ಮೂರನೆಯ ಸಲ, ಎಂದೂ ಇಲ್ಲದ ಕಾನೂನು ಹುಟ್ಟಿಕೊಂಡಿತ್ತು: "ಗಂಡನ ಸಹಿ ಹಾಕಿಸ್ಕೊಂಡು ಬಾ." ನಾಲ್ಕನೆಯ ಸಲ, ಸಹಿ ಹಾಕಿಸಿಕೊಂಡು ಓಡೋಡಿ ಬಂದಾಗ ಹನ್ನೆರಡೂ ಐದು. ಕಿಟಕಿ ಮುಚ್ಚಿತ್ತು, ಒಳಗಿಂದ ನಗು ಕೇಳಿಸುತ್ತಿತ್ತು.

ಐದನೆಯ ಸಲ ಎಲ್ಲವೂ ಇತ್ತು. "ತುಂಬಾ ತಡ ಆಗಿದೆ, ಮೊದಲು ಮೂತ್ರ ಪರೀಕ್ಷೆ" ಎಂದಳು ನರ್ಸಮ್ಮ. ಪರೀಕ್ಷೆಯ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದವು, ಬಸಿರು ನಿಂತಿತ್ತು.

"ಏನಮ್ಮಾ, ಮೂರು ಸಾಲದಾ? ಟೈಮಿಗೆ ಸರಿಯಾಗಿ ಬರೋಕೇನು ದಾಡಿ ನಿಮಗೆ?"

ಇಸ್ತ್ರಿ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. "ನಾಲ್ಕು ಸಲ ಬಂದಿದೀನಿ ಕಣಮ್ಮಾ!"

ನರ್ಸಮ್ಮ ದಪ್ಪ ಪುಸ್ತಕ ತಿರುವಿ ನೋಡಿದಳು. ಅದರಲ್ಲಿ ಬರೆಯುವುದು ಇಂಜೆಕ್ಷನ್ ಹಾಕಿಸಿಕೊಂಡವರನ್ನು ಮಾತ್ರ. ಬರಿಗೈಯಲ್ಲಿ ವಾಪಸ್ ಹೋದವರಿಗೆ ಕಾಲಂ ಇಲ್ಲ. "ಎಲ್ಲಿ ಬಂದಿದೀಯ? ಹೋದ ಇಂಜೆಕ್ಷನ್ ಆದ್ಮೇಲೆ ನಿನ್ನ ಹೆಸರೇ ಇಲ್ವಲ್ಲ."

ಬೆಂಚಿನ ಮೇಲಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಅವರಲ್ಲೂ ಅರ್ಧಕ್ಕರ್ಧ ಜನ ಹೀಗೆ ಬಂದು ಬಂದು ಹೋದವರೇ. ಬೆಂಕಿ ಬೀಳಲಿ ಇಂಥ ಪುಸ್ತಕಕ್ಕೆ!

"ಹಾಗಾದ್ರೆ ಈ ಮಗು ಯಾರ ತಪ್ಪಿಗೆ ಹುಟ್ತಿದೆ ಅಂತ ಬರೆಯೋಕೆ ಕಾಲಂ ಇದೆಯಾ ಅದರಲ್ಲಿ? ಇದ್ರೆ ಬರ್ಕೊಳ್ಳಿ, ನಾನೇ ಹೇಳ್ತೀನಿ!" ಇಸ್ತ್ರಿ ಅಕ್ಕನ ದನಿ ಗೇಟಿನವರೆಗೂ ಕೇಳಿಸಿತು.

ನರ್ಸಮ್ಮ ಕಪಾಟಿನಿಂದ ಬಸುರಿಯರ ಪುಸ್ತಕ ತೆಗೆದು, ಅವಳ ಹೆಸರನ್ನು ಆ ಕ್ಷಣವೇ ಬರೆದುಕೊಂಡಳು.