ಅಂಗೈಯ ಬೈಗುಳ

ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಲು ಗ್ರೀಸ್ ದೇಶದ ಎಂಜಿನಿಯರ್ ಒಬ್ಬ ಬಂದಿದ್ದ. ಅವನ ಇಂಗ್ಲಿಷನ್ನು ಊರವರಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಒಂದು ದಿನ ಅವನು ಜಾಗ ನೋಡುತ್ತ ನೋಡುತ್ತ ಪಕ್ಕದ ಹೊಲಕ್ಕೆ ನುಗ್ಗಿದ. ಅಲ್ಲಿ ಕಡಲೆ ಕೀಳುತ್ತಿದ್ದ ಹೊಲದೊಡತಿ ಬಸವ್ವ ಎರಡೂ ಅಂಗೈ ಅಗಲಿಸಿ ಅವನ ಮುಖದತ್ತ ಚಾಚಿ, "ನಿಲ್ಲೋ ಯಪ್ಪಾ, ನಿಲ್ಲು!" ಎಂದು ಚೀರಿದಳು.

ಅವನ ಮುಖ ಕೆಂಪೇರಿತು. ನಿಲ್ಲುವ ಬದಲು ಜಗಳಕ್ಕೆ ಹೊರಟವನಂತೆ ಅವಳತ್ತಲೇ ದಾಪುಗಾಲು ಹಾಕಿದ. ನಾನು ಓಡಿಹೋಗಿ ಅಂಗಿ ಹಿಡಿದು ಜಗ್ಗಿದೆ. ಅವನ ಕಾಲೆದುರಿಗೇ ಹುಲ್ಲು ಮುಚ್ಚಿದ ಹಾಳುಬಾವಿ!

ಬಾವಿ ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದ. "ನಮ್ಮಲ್ಲಿ ಹೀಗೆ ಅಂಗೈ ತೋರಿಸಿದರೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ," ಎಂದ. "ಹಿಂದೆ ಅಪರಾಧಿಯನ್ನು ಕತ್ತೆ ಮೇಲೆ ಕೂರಿಸಿ, ಅಂಗೈಯಿಂದ ಮುಖಕ್ಕೆ ಮಸಿ ಬಳಿಯುತ್ತಿದ್ದರಂತೆ. ಮಸಿ ಹೋಯಿತು, ಅಂಗೈ ಉಳಿಯಿತು."

ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಬಸವ್ವ ಕಣ್ಣರಳಿಸಿದಳು.

"ಕತ್ತೀ ಮ್ಯಾಲ ಕುಂಡ್ರಿಸಿ ಮಾರಿಗೆ ಮಸಿ ಹಚ್ಚೂದಾ? ನಮ್ಮ ಹಿರ್ಯಾರೂ ಅದನ್ನ ಮಾಡ್ತಿದ್ರಲ್ರೀ! 'ನಿನ್ನ ಮಾರಿಗೆ ಮಸಿ ಬಳೀಲಿ' ಅಂತ ನಾ ಈಗೂ ಬೈತೀನಿ. ಅಂದ್ರ ಇಂವ ನಮ್ಮ ಪೈಕಿನ! ಬಾರೋ ತಮ್ಮಾ, ರೊಟ್ಟಿ ತಿನ್ನು!"

ರೊಟ್ಟಿ ಬಡಿಸುತ್ತ ಅವಳು ಅವನಿಗೆ ಇನ್ನೂ ನಾಲ್ಕಾರು ಬೈಗುಳ ಕಲಿಸಿದಳು. ಅವನ್ನು ಮಾತ್ರ ನಾನು ಅನುವಾದ ಮಾಡಲಿಲ್ಲ. ಅವನು ನಕ್ಕ ರೀತಿ ನೋಡಿದರೆ, ಅದರ ಅಗತ್ಯವೂ ಇರಲಿಲ್ಲ.