ಕಣ್ಣಿನ ಪೊರೆ ಹಣ್ಣಾಗುವ ತನಕ

ಕಳೆದ ವಾರ ಬನಹಟ್ಟಿಯಲ್ಲಿ ನಮ್ಮಕ್ಕ ಕೆಂಪು ಎಳೆಗೆ ಹಸಿರು ಎಳೆ ಕೂಡಿಸಿಟ್ಟಳು. ಒಂದೆರಡಲ್ಲ, ಸೀರೆಯ ಇಡೀ ದಡಿ.

ಇದೇನು ದೊಡ್ಡ ಸುದ್ದಿ ಅಂತೀರಾ? ಮಗ್ಗದ ಮೇಲಿನ ಹಳೆಯ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದೇ ಬಣ್ಣದ ಹಳೆಯ ಎಳೆಗೆ ಹೊಸೆದು ಕೂಡಿಸಬೇಕು. ಕೆಚ್ಚುವುದು ಅಂತಾರೆ. ಅಕ್ಕನಿಗೆ ನಲವತ್ತು ವರ್ಷದಿಂದ ಅದೇ ಕೆಲಸ. ಟೀವಿ ಕಡೆ ತಿರುಗಿಕೊಂಡೇ ಬೆರಳು ಓಡಿಸುವವಳು. ಹಾಗಾಗಿ ಆಕೆಗೆ ಕಣ್ಣು ಕಾಣುತ್ತಿಲ್ಲ ಅಂತ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಬೆರಳಿಗೆ ಎಳೆ ಸಿಗುತ್ತದೆ. ಬಣ್ಣ ಸಿಗುತ್ತದೆಯೇ?

ಸುದ್ದಿ ತಿಳಿದು ಜಮಖಂಡಿಯಿಂದ ಓಡಿದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ರೇಗಿದೆ. (ತಪ್ಪು ಮಾಡಿದವರಿಗೆ ಸಿಟ್ಟು ಬೇಗ ಬರುತ್ತದೆ.)

“ನೀನ ಹೇಳಿದ್ಯಲ್ಲ ತಮ್ಮಾ, ಹಣ್ಣಾಗ್ಲಿ ಅಂತ. ಅದನ್ನ ಕಾಯಾಕತ್ತಿದ್ನಿ.”

ಖರೆ. ಎರಡು ವರ್ಷದ ಹಿಂದೆ ಬಲಗಣ್ಣು ಮಂಜು ಮಂಜು ಅಂದಾಗ, ಪೊರೆ ಹಣ್ಣಾಗಲಿ, ಆಮೇಲೆ ತೆಗೆಸೋಣ ಅಂದವನು ನಾನೇ. ನಮ್ಮವ್ವನ ಕಾಲದಲ್ಲಿ ಹಾಗೇ ಅನ್ನುತ್ತಿದ್ದರು. ಕಬ್ಬು ಬಲಿಯದೆ ಕಡಿಯಬಾರದು ಅಂತ ತಿಳಿದ ಊರಿನವರಿಗೆ ಆ ಮಾತು ಸಲೀಸಾಗಿ ಗಂಟಲಿಗಿಳಿಯುತ್ತದೆ. ಈಗಿನ ಆಪರೇಷನ್‌ಗೆ ಹಣ್ಣಾಗುವ ತನಕ ಕಾಯಬೇಕೆಂದಿಲ್ಲ. ಒಬ್ಬ ಡಾಕ್ಟರನ್ನು ಕೇಳಿದ್ದರೆ ಸಾಕಿತ್ತು.

ಇನ್ನೂ ನಾಚಿಕೆಗೇಡಿನ ಸಂಗತಿ ಏನು ಗೊತ್ತೇ? ನಾನು ಕಾಲೇಜಿನಲ್ಲಿ ಪ್ರೋಟೀನ್ ಪಾಠ ಮಾಡುವ ಮಾಸ್ತರ. ಪ್ರತಿ ವರ್ಷ ಕ್ಲಾಸಿನಲ್ಲಿ ಮೊಟ್ಟೆ ಒಡೆದು, ತಿಳಿಯಾದ ಲೋಳೆ ಬಿಸಿಗೆ ಬೆಳ್ಳಗಾಗುವುದನ್ನು ತೋರಿಸುತ್ತೇನೆ. ಪ್ರೋಟೀನ್‌ಗಳ ಮಡಿಕೆ ಬಿಚ್ಚಿಕೊಂಡರೆ ಒಂದಕ್ಕೊಂದು ಅಂಟುತ್ತವೆ. ಯಾರೂ ಕೂಡಿಸಬೇಕಿಲ್ಲ, ತಾವಾಗಿಯೇ ಕೂಡುತ್ತವೆ. ರೇಷ್ಮೆ ಹುಳುವಿನ ಬಾಯಿಂದ ಬರುವಾಗ ಸಾಲುಗಟ್ಟಿ ಕೂಡಿದರೆ ಎಳೆ. ಕಣ್ಣಿನ ಮಸೂರದಲ್ಲಿ ಅಡ್ಡಾದಿಡ್ಡಿ ಮುದ್ದೆಗಟ್ಟಿದರೆ ಪೊರೆ. ಕ್ಲಾಸಿನ ಮೈಕ್ರೋಸ್ಕೋಪಿಗೂ ಕಾಣದಷ್ಟು ಸಣ್ಣ ಮುದ್ದೆ ಬೆಳೆಯುತ್ತ ಬೆಳೆಯುತ್ತ ಬೆಳಕನ್ನೇ ಚೆದುರಿಸುತ್ತದೆ. ಮಸೂರದ ನಡುವಿನ ಪ್ರೋಟೀನ್ ನಾವು ಹುಟ್ಟುವ ಮೊದಲೇ ತಯಾರಾದದ್ದು, ಸಾಯುವ ತನಕ ಬಾಳಬೇಕಾದದ್ದು. ಅದಕ್ಕೆ ಬದಲಿ ಹುಟ್ಟುವುದಿಲ್ಲ. ಇದೆಲ್ಲ ನನಗೆ ಬಾಯಿಪಾಠ. ಅದರಿಂದ ಯಾರಿಗೆ ಏನು ಉಪಯೋಗವಾಯಿತು?

ಅವತ್ತೇ ಅಕ್ಕನನ್ನು ಜಮಖಂಡಿಗೆ ಕರೆತಂದೆ. ಕಣ್ಣಿನ ಡಾಕ್ಟರು ಬಲಗಣ್ಣಿಗೆ ಲೈಟ್ ಹಿಡಿದರು, ಆರಿಸಿದರು, ಮತ್ತೆ ಹಿಡಿದರು. ಅಕ್ಕನಿಗೆ ಎರಡರ ಫರಕು ತಿಳಿಯಲಿಲ್ಲ. ಪೊರೆ ಹಣ್ಣಾಗಿ, ಹದ ಮೀರಿ, ಕರಗಿ ಸೋರಿದೆಯಂತೆ. ಸೋರಿದ ಪ್ರೋಟೀನು ಕಣ್ಣೊಳಗಿನ ನೀರು ಹೊರಹೋಗುವ ದಾರಿ ಮುಚ್ಚಿ, ಒತ್ತಡ ಏರಿ ನರ ಸತ್ತಿದೆಯಂತೆ. (ತಲೆನೋವು ಅಂತ ಆಕೆ ತಿಂಗಳುಗಟ್ಟಲೆ ಗುಳಿಗೆ ನುಂಗಿದ್ದು ಇದಕ್ಕೇ.) ಆ ಕಣ್ಣು ಇನ್ನು ಬರುವುದಿಲ್ಲ.

ಎಡಗಣ್ಣಿಗೂ ಪೊರೆ ಬಂದಿದೆ, ಅದನ್ನು ಉಳಿಸಬಹುದು, ಆಪರೇಷನ್ ಯಾವಾಗ ಮಾಡೋಣ ಅಂತ ಡಾಕ್ಟರು ಅಕ್ಕನನ್ನೇ ಕೇಳಿದರು.

“ನಮ್ಮ ತಮ್ಮ ಇದನ್ನ ಕಾಲೇಜಿನ್ಯಾಗ ಕಲಸ್ತಾನ್ರಿ,” ಅಂದಳು ಅಕ್ಕ. “ಅಂವ ಯಾವಾಗ ಅಂತಾನ, ಆವಾಗ ಮಾಡ್ರಿ.”

ನಾಳೆಯೇ ಮಾಡಿ ಅಂದೆ. ಆದರೆ ನನ್ನ ಮಾತು ನಂಬಬೇಡ ಅಂತ ಅಕ್ಕನಿಗೆ ಯಾವ ಬಾಯಿಂದ ಹೇಳಲಿ?