ಖಾಲಿ ಹೊಟ್ಟೆಯ ಸೋಮವಾರ

ಜತ್ತದಲ್ಲಿ ಬೀದಿಯ ಪ್ರಾಣಿಗಳನ್ನು ನೋಡಿಕೊಳ್ಳುವ ನಮ್ಮ ಗುಂಪು ದೊಡ್ಡದಲ್ಲ. ನಾನು, ಝೆರಾಕ್ಸ್ ಅಂಗಡಿಯ ಕಾಕಾ, ಅವರ ಹಳೆಯ ವ್ಯಾನು. ಬಿಡುವಿದ್ದಾಗ ಬರುವ ಒಂದಿಬ್ಬರು. ನಮ್ಮ ಓಣಿಯಲ್ಲೊಂದು ಕಂದು ಹೆಣ್ಣುನಾಯಿ ಇತ್ತು. ಯಾರೋ ಸಾಕಿ, ಮನೆ ಬದಲಿಸುವಾಗ ಬಿಟ್ಟುಹೋದದ್ದು. ಅದರ ಹೊಟ್ಟೆಯ ಕೆಳಗೆ ಗಡ್ಡೆಯಾಗಿತ್ತು. ಒಡೆಯುವ ಮೊದಲೇ ತೆಗೆಯಬೇಕು, ಒಡೆದರೆ ಉಳಿಸುವುದು ಕಷ್ಟ ಎಂದಿದ್ದರು ಪ್ರಾಣಿಗಳ ಡಾಕ್ಟರು. ಅವರು ಸಾಂಗ್ಲಿಯಿಂದ ಜತ್ತಕ್ಕೆ ಬರುವುದು ಸೋಮವಾರ ಮಾತ್ರ.

ನಾಯಿಗೆ ದಿನವೂ ರೊಟ್ಟಿ ಹಾಕುತ್ತಿದ್ದವರು ಎದುರುಮನೆಯ ಆಯಿ, ಇಡೀ ಓಣಿಗೆ ಅಜ್ಜಿ. ಭಾನುವಾರ ಸಂಜೆ ಅವರಿಗೆ ಬಿಡಿಸಿ ಹೇಳಿದೆ: ನಾಳೆ ಏನೂ ಹಾಕಬೇಡಿ, ಅರಿವಳಿಕೆ ಕೊಟ್ಟಾಗ ವಾಂತಿಯಾದರೆ ಉಸಿರು ಕಟ್ಟಿ ಜೀವ ಹೋಗಬಹುದು.

“ಇಷ್ಟ ಏನ? ರೊಟ್ಟಿ ಚೂರೂ ಹಾಕೂದಿಲ್ಲ, ತಗೋ,” ಎಂದರು.

ಬೆಳಿಗ್ಗೆ ನಾಯಿ ತುಟಿ ನೆಕ್ಕುತ್ತ ವ್ಯಾನಿನ ಹತ್ತಿರ ಬಂತು. ಮೂತಿಗೆ ಸಾಬೂದಾಣಿ, ಅಂದರೆ ಸಬ್ಬಕ್ಕಿಯ ಕಾಳು ಅಂಟಿತ್ತು.

“ಆಯೀ, ಏನ ಹಾಕೀರಿ?”

“ಎಲ್ಲಿ ಹಾಕೀನಿ? ನನ್ನ ಖಿಚಡಿಯೊಳಗ ಎರಡ ತುತ್ತ ಕೊಟ್ಟೆ.”

“ಹೊಟ್ಟ್ಯಾಗ ಏನೂ ಇರಬಾರದು ಅಂದಿದ್ನಲ್ರಿ!”

“ಅದೇನ ಊಟ ಏನ ಯವ್ವಾ? ಸೋಮವಾರ ಸೋಮವಾರ ಅದನ್ನ ತಿಂದ ಉಪವಾಸ ಮಾಡ್ತೀನಿ. ಶಿವನ ಏನೂ ಅಂದಿಲ್ಲ, ನಿಮ್ಮ ಡಾಕ್ಟರ ಅವನಕಿಂತ ದೊಡ್ಡಾಂವೇನ?”

ಕಾಕಾ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದರೆ, ಇನ್ನು ಮುಂದಿನ ವಾರವೇ ಎಂದರು. ಗಡ್ಡೆಯ ಮೇಲಿನ ಚರ್ಮ ಆಗಲೇ ತೆಳುವಾಗಿ ಹೊಳೆಯುತ್ತಿತ್ತು. ಆಯಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು, ಆಮೇಲೆ ವಾದಿಸಲಿಲ್ಲ.

ಆ ವಾರವೆಲ್ಲ ಕೆಲಸಕ್ಕೆ ಹೋಗುವಾಗಲೂ ಬರುವಾಗಲೂ ನಾನು ಗಡ್ಡೆ ನೋಡುತ್ತಿದ್ದೆ. ಒಡೆಯಲಿಲ್ಲ.

ಮುಂದಿನ ಭಾನುವಾರ ಆಯಿ ತಾವೇ ನಾಯಿಯನ್ನು ತಮ್ಮ ಅಂಗಳದಲ್ಲಿ ಕಟ್ಟಿಕೊಂಡರು. ಮನೆ ಬಿಟ್ಟು ಹೊರಟವರನ್ನು ಬರಿಹೊಟ್ಟೆಯಲ್ಲಿ ಕಳಿಸುವ ರೂಢಿ ನಮ್ಮ ಓಣಿಯಲ್ಲಿಲ್ಲ. ಸೋಮವಾರ ಬೆಳಿಗ್ಗೆ ಅಕ್ಕಪಕ್ಕದವರು ಬಿಸ್ಕೀಟು ಹಿಡಿದು ಬಂದಿದ್ದರು. “ಹೋಗ್ರಿ, ಹೋಗ್ರಿ! ಕೊಲ್ಲಾಕ ಬಂದೀರೇನ ಅದನ್ನ?” ಎಂದು ಆಯಿ ಗದರುತ್ತಿರುವಾಗಲೇ ನಾವು ವ್ಯಾನು ತಂದು ನಿಲ್ಲಿಸಿದೆವು. ಅಂದು ಆಯಿಯೂ ಒಲೆ ಹೊತ್ತಿಸಿರಲಿಲ್ಲ. “ಅದು ನನ್ನ ಬಾಯಿ ನೋಡಕೋತ ಕುಂತರ ನಾ ಹೆಂಗ ತಿನ್ನಲಿ?” ಎಂದರು.

ಮಧ್ಯಾಹ್ನ ನಾಯಿ ಕಣ್ಣು ಬಿಟ್ಟಿತು. ಗಡ್ಡೆಯನ್ನು ಪೂರ್ತಿ ತೆಗೆದಿದ್ದೇನೆ ಎಂದರು ಡಾಕ್ಟರು. ಆಯಿಗೆ ಫೋನ್ ಮಾಡಿದೆ.

“ಎದ್ದೈತ್ರಿ. ಇನ್ನ ನೀವು ತಿನ್ರಿ.”

“ಅದಕ್ಕ ಏನ ಕೊಟ್ರು?”

“ಸಂಜೀತನಾ ಏನೂ ಇಲ್ರಿ. ನೀರಷ್ಟ.”

ಫೋನಿನಲ್ಲಿ ಡಬ್ಬಿಯ ಮುಚ್ಚಳ ಮತ್ತೆ ಹಾಕಿದ ಸದ್ದು ಕೇಳಿತು.

“ಹಂಗಾದ್ರ ನಂದೂ ಸಂಜೀಕ,” ಎಂದರು. “ನೀ ಏನರ ತಿಂದೀಯೋ ಇಲ್ಲೋ?”